ಅಲ್ಲಿ ಉಸಿರು ತೆಗೆಯಲಿಕ್ಕೆ ಉಂಟು

ಕಳೆದ ಫೆಬ್ರವರಿಯಲ್ಲಿ ನಮ್ಮ ಶಾಲೆಯ ತಪಾಸಣೆಗೆ ಬಂದು ಹೋದ ಮಾನ್ಯ ಶಿಕ್ಷಣಾಧಿಕಾರಿಗಳೇ,

ಬರುವ ಜೂನ್‌ನಿಂದ ನನ್ನನ್ನು ಮಕ್ಕಳ ನಡುವಿನಿಂದ ಎಬ್ಬಿಸಿ ತಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ ಕೂರಿಸುವ ಆದೇಶ ಕೈಸೇರಿದೆ. ಕಾರಣವನ್ನು ತಾವು ಮುಚ್ಚಿಟ್ಟಿಲ್ಲ. ಒಂದನೇ ತರಗತಿಯ ಮಕ್ಕಳಿಗೆ ದೋಷಪೂರಿತ ವಾಚನ ಕಲಿಸಿದ್ದೇನೆ ಎಂದು ಸ್ಪಷ್ಟವಾಗಿಯೇ ಬರೆಸಿದ್ದೀರಿ. ಹೌದು, ನನ್ನ ಮಕ್ಕಳು ತಪ್ಪು ಓದುತ್ತಾರೆ. ಆ ತಪ್ಪು ಅವರ ಬಾಯಿಗೆ ಹೋದದ್ದು ನನ್ನ ಬಾಯಿಯಿಂದಲೇ. ಅದನ್ನು ಯಾರೂ ನನಗೆ ಸಾಕ್ಷಿ ಸಮೇತ ತೋರಿಸಬೇಕಾಗಿಲ್ಲ. ಆದರೆ ಹೇಗೆ ಹೋಯಿತು ಎಂದು ತಾವು ಕೇಳಲಿಲ್ಲ, ನಾನು ಅದನ್ನು ತಿದ್ದುತ್ತಿರುವ ಹೊತ್ತಿನಲ್ಲೇ ನನ್ನನ್ನು ಅಲ್ಲಿಂದ ಕಳಿಸುತ್ತಿದ್ದೀರಿ. ನನ್ನ ದೂರು ಇರುವುದು ಇದರ ಬಗ್ಗೆ.

ಇದನ್ನು ಎದುರು ನಿಂತು ಹೇಳಬಹುದಿತ್ತಲ್ಲ, ಪತ್ರಿಕೆಗೆ ಯಾಕೆ ಬರೆಯಬೇಕಿತ್ತು ಎಂದು ತಾವು ಕೇಳಬಹುದು. ಹೇಳಲು ಬಂದಿದ್ದೆನಲ್ಲ ಸ್ವಾಮಿ! ಮಾರ್ಚ್ ತಿಂಗಳಲ್ಲಿ ಮೌಖಿಕ ವಿವರಣೆಗೆಂದು ತಾವೇ ಕರೆಸಿದಿರಿ. ತಮ್ಮ ಕೋಣೆ ಮಹಡಿಯ ಮೇಲೆ. ಮೆಟ್ಟಿಲು ಹತ್ತಿ ಬಂದವಳಿಗೆ ಕುರ್ಚಿ ತೋರಿಸಿದಿರಿ, ಇಲ್ಲವೆನ್ನಬಾರದು. ಆದರೆ ನನಗೆ ಕುರ್ಚಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಸ್ವಲ್ಪ ಸಮಯ. "ಮಕ್ಕಳು ತಪ್ಪು ಓದುವುದು ನಿಜ" ಎಂದೆ. ಅಲ್ಲಿಗೆ ಉಸಿರು ಮುಗಿಯಿತು. "ಆದರೆ" ಎಂದು ಮುಂದುವರಿಸಲು ಪಕ್ಕೆ ಒತ್ತಿ ಹಿಡಿದು ಗಾಳಿ ಎಳೆದುಕೊಳ್ಳುತ್ತಿರುವಾಗ ತಾವು ಗುಮಾಸ್ತರ ಕಡೆ ತಿರುಗಿ, ಒಪ್ಪಿಕೊಂಡಿದ್ದಾರೆ, ಬರೆದುಕೊಳ್ಳಿ ಎಂದಿರಿ. ಆಮೇಲೆ ನಾನು ನಿಂತಲ್ಲೆಲ್ಲ ತಾವೇ ಒಂದೊಂದು ಮಾತು ಸೇರಿಸಿದಿರಿ. ಆಯಾಸ ಆಗ್ತದೆ ಅಲ್ವಾ ಎಂದಿರಿ. ಕೂತು ಮಾಡುವ ಕೆಲಸ ಆದರೆ ಒಳ್ಳೆಯದು ಅಲ್ವಾ ಎಂದಿರಿ. ನನ್ನ ಪರವಾಗಿ ತಾವು ಅಷ್ಟು ಹೊತ್ತು ಮಾತಾಡಿದ್ದೀರಿ, ಅದಕ್ಕೆ ಕೃತಜ್ಞಳು. ನಾನು ಹೇಳಬೇಕೆಂದು ಬಂದ ಮಾತು ಮಾತ್ರ ಅದರಲ್ಲಿ ಒಂದೂ ಇರಲಿಲ್ಲ. ಕಾಗದದ ಮೇಲೆ ಹಾಗಾಗುವುದಿಲ್ಲ. ಇಲ್ಲಿ ನಾನು ಎಷ್ಟು ಉದ್ದದ ವಾಕ್ಯವನ್ನಾದರೂ ಬರೆಯಬಲ್ಲೆ, ನಡುವೆ ಪೆನ್ನು ಕೆಳಗಿಟ್ಟು, ಎದ್ದು ಕಿಟಕಿಯ ಹತ್ತಿರ ನಿಂತು, ಉಸಿರು ಸರಿಮಾಡಿಕೊಂಡು ಬಂದು, ಬಿಟ್ಟಲ್ಲಿಂದಲೇ ಹಿಡಿಯಬಲ್ಲೆ, ಅಷ್ಟು ಹೊತ್ತು ಯಾರೂ ನನ್ನ ವಾಕ್ಯವನ್ನು ತಮಗೆ ಬೇಕಾದಂತೆ ಮುಗಿಸುವುದಿಲ್ಲ. ಸರಕಾರಿ ನೌಕರರು ಪತ್ರಿಕೆಯಲ್ಲಿ ಇಲಾಖೆಯ ವಿರುದ್ಧ ಬರೆಯಕೂಡದೆಂಬ ನಿಯಮ ಗೊತ್ತಿದೆ. ಅದಕ್ಕೊಂದು ನೋಟಿಸ್ ಬರುವುದಿದ್ದರೆ ಬರಲಿ, ಇದ್ದದ್ದರ ಜೊತೆಗೆ ಅದೂ ಇರುತ್ತದೆ.

ನಾನು ಉಡುಪಿಯ ಕಡಿಯಾಳಿಯವಳು. ಗಂಡ ಹಯಗ್ರೀವರು ಪೌರೋಹಿತ್ಯ ಮಾಡುತ್ತಾರೆ. ಕಾರ್ಕಳದ ಬಸ್ಸು ಹತ್ತಿ, ಹಿರಿಯಡ್ಕದಲ್ಲಿ ಇಳಿದು, ಅಲ್ಲಿಂದ ಒಳದಾರಿಯಲ್ಲಿ ನಡೆದರೆ ನಮ್ಮ ಶಾಲೆ. ೨೦೦೪ರ ಜೂನ್ ಮೊದಲ ವಾರ, ಪಠ್ಯಪುಸ್ತಕ ಬಂದಿದೆ, ಕೂಡಲೇ ಬಂದು ಒಯ್ಯಿರಿ ಎಂದು ಕಚೇರಿಯಿಂದ ಸೂಚನೆ ಬಂತು. ಪುಸ್ತಕವನ್ನು ಶಾಲೆಗೆ ತಲುಪಿಸುವುದು ಇಲಾಖೆಯ ಜವಾಬ್ದಾರಿಯೋ, ಟೀಚರುಗಳ ಸೊಂಟದ ಜವಾಬ್ದಾರಿಯೋ ಎಂದು ನಾವು ಯಾರೂ ಕೇಳಿದವರಲ್ಲ. ಸೆಣಬಿನ ಹಗ್ಗ ಬಿಗಿದ ಒಂದನೇ ತರಗತಿಯ ಕಟ್ಟನ್ನು ತೋಳಲ್ಲಿ ತಬ್ಬಿಕೊಂಡು ಬಸ್ಸು ಹತ್ತಿದೆ. ಮಳೆಗಾಲ ಶುರುವಾಗಿತ್ತು. ಬಸ್ಸಿನ ನೆಲದ ತುಂಬ ಕೆಸರು ನೀರು. ಕಂಡಕ್ಟರ್ ಒಳ್ಳೆಯವನೇ. "ಕಟ್ಟು ಕೆಳಗೆ ಇಡಿ ಟೀಚರ್, ಕಂಬ ಹಿಡ್ಕೊಳ್ಳಿ" ಎಂದು ಹೇಳಿದ. ನಾನು ಇಡಲಿಲ್ಲ. ನಾಲ್ಕು ಜನರ ಕಾಲು ತಾಗುವಲ್ಲಿ ಪುಸ್ತಕ ಇಡುವುದುಂಟೇ? ಅಕಸ್ಮಾತ್ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಎಷ್ಟೋ ಮಕ್ಕಳಿಗೆ ಕಲಿಸಿದವಳು ನಾನು. ಎರಡೂ ಕೈ ಪುಸ್ತಕಕ್ಕೇ ಆಯಿತು, ಕಂಬ ಹಿಡಿಯಲು ಕೈ ಉಳಿಯಲಿಲ್ಲ. ಹಿಂದಿನ ಬಸ್ಸು ಮುಂದೆ ಹೋಗಬಾರದೆಂದು ನಮ್ಮ ಚಾಲಕ ಓಡಿಸುತ್ತಿದ್ದ ವೇಗಕ್ಕೆ ತಿರುವಿನಲ್ಲಿ ಬ್ರೇಕು ಬಿದ್ದಾಗ ನಾನು ಹಾರಿ ಎಂಜಿನ್ ಪಕ್ಕದ ಕಬ್ಬಿಣದ ಅಡ್ಡಪಟ್ಟಿಗೆ ಹೋಗಿ ಬಡಿದೆ. ಪಟ್ಟಿಗೂ ನನ್ನ ಎದೆಗೂ ನಡುವೆ ಆ ಕಟ್ಟು ಇತ್ತು. ಅದರ ಮೂಲೆ ಎಡಪಕ್ಕೆಯೊಳಗೆ ಇಳಿಯಿತು.

ಮಣಿಪಾಲದ ಆಸ್ಪತ್ರೆಯವರು ಜೀವ ಉಳಿಸಿದರು. ಪಕ್ಕೆಲುಬುಗಳು ಮುರಿದು ಶ್ವಾಸಕೋಶಕ್ಕೆ ಚುಚ್ಚಿದ್ದವು. ಎದೆಯೊಳಗೆ ತುಂಬಿದ್ದ ರಕ್ತ ಹೊರಬರಲು ಪಕ್ಕೆಯಲ್ಲಿ ನಳಿಗೆ ಹಾಕಿದ್ದರು. ಅದನ್ನೆಲ್ಲ ವಿವರಿಸಿ ಅನುಕಂಪ ಕೇಳುವುದಿಲ್ಲ. ಎಲುಬು ಕೂಡಿತು, ಗಾಯ ಒಣಗಿತು, ಮನೆಗೆ ಕಳಿಸಿದರು. ಉಸಿರು ಮಾತ್ರ ನನ್ನ ಜೊತೆ ಪೂರ್ತಿ ಮನೆಗೆ ಬರಲಿಲ್ಲ. ಒಳಗಿನ ಪೊರೆ ದಪ್ಪವಾಗಿ ಅಂಟಿಕೊಂಡಿದೆ, ಎಡಭಾಗ ಮೊದಲಿನಂತೆ ಅರಳುವುದಿಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ವ್ಯಾಯಾಮಕ್ಕೆಂದು ಪ್ಲಾಸ್ಟಿಕ್ಕಿನ ಒಂದು ಡಬ್ಬಿ ಕೊಟ್ಟರು. ಅದರೊಳಗೆ ಮೂರು ಚೆಂಡು, ಕೊಳವೆಯಿಂದ ಉಸಿರೆಳೆದರೆ ಒಂದೊಂದಾಗಿ ಮೇಲೇರಬೇಕು. ಮೊದಲನೆಯದು ಏರುತ್ತದೆ. ಎರಡನೆಯದು ಮನಸ್ಸು ಬಂದರೆ ಏರುತ್ತದೆ. ಮೂರನೆಯದು ಇವತ್ತಿನ ತನಕ ಅಲುಗಿಲ್ಲ. ಸಮುದ್ರದ ಗಾಳಿ ಒಳ್ಳೆಯದೆಂದು ತಂಗಿ ಕಾಪುವಿಗೆ ಕರೆದುಕೊಂಡು ಹೋದಳು. ಅಲ್ಲಿ ದೀಪಸ್ತಂಭದ ಹತ್ತಿರ ಗಾಳಿ ಮುಖಕ್ಕೆ ರಾಚಿದ ಹೊಡೆತಕ್ಕೆ ಇದ್ದ ಉಸಿರೂ ಕಟ್ಟಿ ಬಂಡೆಯ ಮೇಲೆ ಕುಳಿತುಬಿಟ್ಟೆ. ಜಗತ್ತಿನಲ್ಲಿ ಅಷ್ಟೊಂದು ಗಾಳಿ ಇದ್ದೂ ನನ್ನ ಪಾಲಿಗೆ ಇಷ್ಟೇ ಎಂದು ತಂಗಿಯ ಎದುರು ನಗಾಡಿದೆ, ಅವಳು ಅತ್ತಳು. ಬಸ್ ನಿಲ್ದಾಣದಲ್ಲಿ ಸಿಕ್ಕಿದವರೆಲ್ಲ, ಎಂತ ಟೀಚರೇ, ಮೈ ಕೈ ತುಂಬಿಕೊಂಡಿದ್ದೀರಿ, ಪೂರ್ತಿ ಹುಷಾರಾದಿರಲ್ಲ ಎನ್ನುತ್ತಿದ್ದರು. ಹುಷಾರು ಹುಷಾರು ಎಂದೆ. ಅದಕ್ಕಿಂತ ಉದ್ದದ ಉತ್ತರ ಕೊಡಲು ಸಾಧ್ಯವೂ ಇರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಶಾಲೆಗೆ ಹೋದೆ. ಡಾಕ್ಟರು ಪ್ರಮಾಣಪತ್ರದಲ್ಲಿ, ಕೆಲಸಕ್ಕೆ ಹಾಜರಾಗಬಹುದು, ಆದರೆ ದೀರ್ಘಕಾಲ ಗಟ್ಟಿಯಾಗಿ ಮಾತಾಡುವ ಶ್ರಮ ಕೊಡಬಾರದು ಎಂದು ಬರೆದಿದ್ದರು. ತಮ್ಮ ಕಚೇರಿಗೆ ಓದು ಬರುತ್ತದೆ, ಆದರೆ ವಾಕ್ಯದ ಮೊದಲರ್ಧ ಮಾತ್ರ ಓದುವ ಪದ್ಧತಿ ಇರಬೇಕು. ನಾನು ಆಗಲೇ ಕೇಳಿಕೊಂಡಿದ್ದೆ: ಸ್ವಲ್ಪ ಕಾಲ ನನಗೆ ದೊಡ್ಡ ತರಗತಿ ಕೊಡಿ, ಅಲ್ಲಿನ ಮಕ್ಕಳು ತಾವೇ ಓದಿಕೊಳ್ಳುತ್ತಾರೆ, ಒಂದನೇ ತರಗತಿಗೆ ಬೇರೊಬ್ಬರನ್ನು ಕಳಿಸಿ. ಅದಾಗದಿದ್ದರೆ ಕಚೇರಿಯಲ್ಲಾದರೂ ಕೂರಿಸಿ ಎಂದಿದ್ದೆ. ಹೌದು, ಈಗ ಶಿಕ್ಷೆಯೆಂದು ಕೊಟ್ಟಿರುವ ಟಪಾಲು ವಿಭಾಗವನ್ನು ಆಗ ನಾನೇ ಬೇಡಿದ್ದೆ. ನಮ್ಮದು ಇಬ್ಬರೇ ಶಿಕ್ಷಕರ ಶಾಲೆ. ಮುಖ್ಯ ಶಿಕ್ಷಕ ಚೆನ್ನಪ್ಪನವರು ಮೇಲಿನ ತರಗತಿಗಳನ್ನೂ ಬಿಸಿಯೂಟವನ್ನೂ ನೋಡಿಕೊಂಡು ಹೈರಾಣಾಗಿದ್ದರು. ನನ್ನ ಅರ್ಜಿಯನ್ನು ಕಳಿಸಿದವರೂ ಅವರೇ, ಮೂರು ಸಲ ನೆನಪೋಲೆ ಬರೆದವರೂ ಅವರೇ. ಉತ್ತರ ಬರಲಿಲ್ಲ. "ಎಂತ ಮಾಡುದು ಟೀಚರೇ, ಎಲುಬು ಮುರಿದದ್ದು ಅವರಿಗೆ ಅರ್ಥ ಆಗ್ತದೆ, ಉಸಿರು ಮುರಿದದ್ದು ಆಗುದಿಲ್ಲ" ಎಂದು ಅವರೇ ಬೇಸರ ಮಾಡಿಕೊಂಡರು. ಹಾಗೆ ನಾನು ಒಂದನೇ ತರಗತಿಯಲ್ಲೇ ಉಳಿದೆ.

ಇಲ್ಲಿ ಒಂದು ವಿಷಯ ತಮ್ಮ ಗಮನಕ್ಕೆ ತರಬೇಕು, ತಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹೇಳುತ್ತೇನೆ. ನಮ್ಮ ಮಕ್ಕಳ ಮನೆಯಲ್ಲಿ ಕನ್ನಡ ಇಲ್ಲ. ತುಳು ಉಂಟು, ಕೊಂಕಣಿ ಉಂಟು, ಬ್ಯಾರಿ ಉಂಟು. ಕನ್ನಡ ಅವರಿಗೆ ಶಾಲೆಯಲ್ಲಿ ಸಿಗುವ ವಸ್ತು, ಸಮವಸ್ತ್ರದ ಹಾಗೆ. ಅದನ್ನು ಅವರು ಕಲಿಯುವುದು ಪುಸ್ತಕದಿಂದ ಅಲ್ಲ, ಟೀಚರಿನ ಬಾಯಿಯಿಂದ. ನಾನು ಹೇಳಿಕೊಡುತ್ತೇನೆ, ಅವರು ಹಿಂದಿನಿಂದ ಹೇಳುತ್ತಾರೆ. ನಾನು ಹೇಗೆ ಹೇಳಿದರೆ ಕನ್ನಡ ಹಾಗೇ ಇರುವುದು ಎಂದು ನಂಬುತ್ತಾರೆ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಶರಣಬಸಪ್ಪನ ಮಗಳು ಅನ್ನಪೂರ್ಣ ಒಬ್ಬಳು ಮಾತ್ರ ಮನೆಯಿಂದಲೇ ಕನ್ನಡ ತಂದವಳು. ಉಳಿದವರೆಲ್ಲ ಅದನ್ನು ನನ್ನಿಂದಲೇ ಪಡೆದವರು.

ತಾವು ಬಂದ ದಿನ ನೆನಪಿದೆಯೇ? ಲಿಯೋನೆಲ್‌ನನ್ನು ಎಬ್ಬಿಸಿ ಓದಿಸಿದಿರಿ. ಕೊಂಕಣಿ ಮನೆಯ ಹುಡುಗ, ತರಗತಿಯಲ್ಲೇ ಚುರುಕು. ಎದ್ದು ನಿಂತು, ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡು, ಗಟ್ಟಿಯಾಗಿ ಓದಿದ: "ಅಜ್ಜಿ ಅಂಗ... ಳದಲ್ಲಿ ಭತ್ತ ಒಣ... ಗಿಸಿದಳು." ನಿಂತಲ್ಲೆಲ್ಲ ಬಾಯಿ ತೆರೆದು ಗಾಳಿ ಎಳೆದುಕೊಂಡ. ತಾವು ಇನ್ನೊಬ್ಬಳನ್ನು ಎಬ್ಬಿಸಿದಿರಿ. ಅವಳೂ ಪಕ್ಕೆ ಒತ್ತಿಕೊಂಡು ಎದ್ದಳು, ಅದೇ ಜಾಗಗಳಲ್ಲಿ ನಿಂತಳು. ಆಮೇಲೆ ಎಲ್ಲರೂ ಒಟ್ಟಿಗೆ ಓದಿ ಎಂದಿರಿ. ಒಬ್ಬಳನ್ನು ಬಿಟ್ಟರೆ ಇಡೀ ಒಂದನೇ ತರಗತಿ ಎದ್ದು ನಿಂತು, ಎಡಗೈಯನ್ನು ಎಡಪಕ್ಕೆಗೆ ಒತ್ತಿಕೊಂಡು, ಒಂದೇ ಸಲ ನಿಂತು, ಒಂದೇ ಸಲ ಏದುಸಿರು ಬಿಟ್ಟು, ಒಂದೇ ಸಲ ಮುಂದೆ ಹೋಯಿತು. ತಾವು ಜೋರಾಗಿ ನಕ್ಕು, ಇದೆಂತ, ಇಡೀ ಕ್ಲಾಸಿಗೇ ದಮ್ಮಾ ಎಂದಿರಿ. ಲಿಯೋನೆಲ್‌ನನ್ನು ಮತ್ತೆ ಕರೆದು, ಶಬ್ದದ ನಡುವೆ ಯಾಕೆ ನಿಲ್ಲಿಸಿದ್ದು ಎಂದು ಕೇಳಿದಿರಿ. ಅವನು ಹೆದರಲಿಲ್ಲ. ದೊಡ್ಡವರಿಗೆ ಇದೂ ಗೊತ್ತಿಲ್ಲವಲ್ಲ ಎಂಬ ಮುಖ ಮಾಡಿ ತಮಗೇ ಹೇಳಿಕೊಟ್ಟ.

"ಅಲ್ಲಿ ಉಸಿರು ತೆಗೆಯಲಿಕ್ಕೆ ಉಂಟು ಸರ್."

ಮಾನ್ಯರೇ, ಆ ಕ್ಷಣದ ತನಕ ನನಗೆ ಗೊತ್ತಿರಲಿಲ್ಲ. ಮಾಸ್ತರಿಕೆಯಲ್ಲಿ ಹಣ್ಣಾದ ನನ್ನ ಕಿವಿಗೆ ಅದು ಕೇಳಿಸಿರಲಿಲ್ಲ, ಯಾಕೆಂದರೆ ನನ್ನ ಕಿವಿಯೂ ಆ ಉಸಿರಿಗೆ ಒಗ್ಗಿಹೋಗಿತ್ತು. ನಾನು ನೋವಿಗೆ ಪಕ್ಕೆ ಒತ್ತಿ ಹಿಡಿಯುತ್ತಿದ್ದೆ, ಮಕ್ಕಳು ಅದನ್ನು ಓದುವ ಕ್ರಮ ಎಂದುಕೊಂಡರು. ನಾನು ಉಸಿರಿಲ್ಲದೆ ನಿಲ್ಲುತ್ತಿದ್ದೆ, ಅವರು ಅದನ್ನು ಕನ್ನಡ ಎಂದುಕೊಂಡರು. ಒಂದು ತಪ್ಪನ್ನೂ ಬಿಡದೆ, ಎಷ್ಟು ನಿಷ್ಠೆಯಿಂದ ಕಲಿತಿದ್ದರು ಗೊತ್ತೇ? ತಾವು ನಗುತ್ತಿದ್ದಿರಿ. ತಮ್ಮ ಜೊತೆ ಬಂದವರೂ ನಕ್ಕರು. ನಾವು ಚೆನ್ನಾಗಿ ಓದಿದ್ದಕ್ಕೇ ಸಾಹೇಬರಿಗೆ ಸಂತೋಷವಾಗಿದೆ ಎಂದುಕೊಂಡು ಮಕ್ಕಳೂ ನಕ್ಕವು. ಕೊನೆಗೆ ಅನ್ನಪೂರ್ಣಳ ಸರದಿ ಬಂತು. ಅವಳು ಎಲ್ಲೂ ನಿಲ್ಲದೆ ಸರಾಗವಾಗಿ ಓದಿದಳು. ತಾವು ಅವಳ ಬೆನ್ನು ತಟ್ಟಿ ಎಲ್ಲರಿಗೂ ಕೇಳುವ ಹಾಗೆ, ಇದು ಓದು, ಈ ಕೂಸು ಟೀಚರಿಂದ ಕೆಟ್ಟಿಲ್ಲ ಎಂದಿರಿ. ಆಗ ಉಳಿದ ಮಕ್ಕಳ ನಗು ನಿಂತಿತು.

ಆ ರಾತ್ರಿ ಮನೆಯಲ್ಲಿ ನಾನು ಅತ್ತೆ. ಅಳುವುದಕ್ಕೂ ಉಸಿರು ಬೇಕು ಸ್ವಾಮಿ, ಅದೂ ಅರ್ಧದಲ್ಲೇ ನಿಂತಿತು. ದಿನಾ ನನ್ನ ಮಾತು ಕೇಳುವವರು ನೀವು, ಒಮ್ಮೆಯಾದರೂ ಹೇಳಬಾರದಿತ್ತೇ ಎಂದು ಗಂಡನ ಮೇಲೆ ಹರಿಹಾಯ್ದೆ. ಸ್ವರ ತಪ್ಪಿದ ಮಂತ್ರವನ್ನು ಪಕ್ಕದ ಬೀದಿಯಿಂದಲೇ ಹಿಡಿಯುವ ಮನುಷ್ಯ ಅವರು. ನನ್ನ ಕಡೆ ನೋಡದೆ ಹೇಳಿದರು: "ಉಸಿರು ವಾಪಸ್ ಬಂತಾ ಇಲ್ಲವಾ ಅಂತ ಮಾತ್ರ ಕೇಳ್ತಾ ಇದ್ದೆ. ಎಲ್ಲಿ ನಿಂತಿತು ಅಂತ ಕೇಳ್ಲಿಲ್ಲ."

ಮರುದಿನ ಇನ್ನೂ ದೊಡ್ಡದು ಕಾದಿತ್ತು. ಅನ್ನಪೂರ್ಣ ಓದಲು ಎದ್ದಳು. ಎದ್ದವಳು ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡಳು. "ಅಜ್ಜಿ ಅಂಗ..." ಎಂದು ನಿಂತಳು. ಯಾಕೆ ಪುಟ್ಟಾ, ನಿನಗೆ ಸರಿಯಾಗಿ ಬರುತ್ತದಲ್ಲ ಎಂದೆ. ತಲೆ ತಗ್ಗಿಸಿಕೊಂಡೇ ಹೇಳಿದಳು: "ನಾ ಒಬ್ಬಾಕಿ ಬ್ಯಾರೆ ಓದಿದ್ರ ನಿಮ್ಮನ್ನ ಬೈತಾರ್ರೀ ಟೀಚರ. ನಾನೂ ಎಲ್ಲಾರ ಹಂಗ ಓದ್ತೀನಿ." ಇಡೀ ತರಗತಿಯಲ್ಲಿ ತಪ್ಪದೆ ಓದುತ್ತಿದ್ದ ಒಂದೇ ಮಗು ನನ್ನ ಮರ್ಯಾದೆಗೋಸ್ಕರ ತಪ್ಪು ಓದಲು ಶುರುಮಾಡಿತು. ತಮ್ಮ ವರದಿಯಲ್ಲಿ ಇದಕ್ಕೆ ಯಾವ ಕಲಮು ಉಂಟು?

ಅಂದಿನಿಂದ ತಿದ್ದಲು ಹೊರಟೆ. ಮಣಿಪಾಲದಲ್ಲಿ ನನಗೆ ಉಸಿರಾಟದ ವ್ಯಾಯಾಮ ಮಾಡಿಸುವ ಗ್ಲ್ಯಾಡಿಸ್‌ಗೆ ಎಲ್ಲ ಹೇಳಿದೆ. ಆಕೆ ನಗಲಿಲ್ಲ. "ನೀವು ಉಸಿರು ಮುಗಿಯುವ ತನಕ ಮಾತಾಡ್ತೀರಿ ಟೀಚರ್. ಅದು ಮುಗಿಯುವ ಮೊದಲೇ ನೀವು ನಿಲ್ಲಿಸಿ. ಆಗ ನಿಮಗೆ ಬೇಕಾದಲ್ಲಿ ನಿಲ್ಲಿಸ್ಬಹುದು" ಎಂದಳು. ಕೇಳಲು ಸುಲಭ, ಮಾಡುವಾಗ ಜೀವ ಹೋಗುತ್ತದೆ. ಇಡೀ ಪಾಠವನ್ನು ಮತ್ತೆ ಕಟ್ಟಿದೆ. "ಅಜ್ಜಿ" ಎಂದು ನಿಲ್ಲುವುದು. "ಅಂಗಳದಲ್ಲಿ" ಎಂದು ನಿಲ್ಲುವುದು. ಒಳಗೆ ಗಾಳಿ ಉಳಿದಿರುವಾಗಲೇ ನಿಲ್ಲುವುದು, ಮತ್ತು ಪಕ್ಕೆ ಎಷ್ಟೇ ಚುಚ್ಚಿದರೂ ಕೈ ಅತ್ತ ಹೋಗಬಾರದು ಎಂದು ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬಳಪ ಹಿಡಿದುಕೊಳ್ಳುವುದು. ಮಾರ್ಚ್ ಮುಗಿಯುವ ಹೊತ್ತಿಗೆ ಮಕ್ಕಳ ಕೈ ಒಂದೊಂದಾಗಿ ಪಕ್ಕೆಯಿಂದ ಇಳಿಯತೊಡಗಿತ್ತು. ಲಿಯೋನೆಲ್ "ಅಂಗಳದಲ್ಲಿ" ಎಂದು ಪೂರ್ತಿ ಓದಿ, ಇಲ್ಲಿ ಈಗ ಉಸಿರು ಬೇಡವಾ ಟೀಚರ್ ಎಂದು ಕೇಳಿದ. ಬೇಡ ಎಂದೆ. ಆ ದಿನ ನಾನು ಪಟ್ಟ ಸಂತೋಷ ನನಗೇ ಗೊತ್ತು. ಅನ್ನಪೂರ್ಣಳ ಕೈ ಮಾತ್ರ ಇಳಿಯಲಿಲ್ಲ. ಉಳಿದವರು ತಿಳಿಯದೆ ಕಲಿತದ್ದು, ಅದು ಬಿಟ್ಟುಹೋಗುತ್ತದೆ. ಅವಳು ತಿಳಿದೇ ಹಿಡಿದದ್ದು. ಅಷ್ಟರಲ್ಲಿ ತಮ್ಮ ಆದೇಶ ಬಂತು.

ನನ್ನ ಜಾಗಕ್ಕೆ ಬರುವವರು ಪೂರ್ತಿ ಉಸಿರಿನವರು, ಮಕ್ಕಳಿಗೆ ಒಳ್ಳೆಯದೇ ಅಲ್ಲವೇ ಎಂದು ತಾವು ವಾದಿಸಬಹುದು. ವಾದ ಸರಿಯಾಗಿದೆ. ಹೋದ ಅಕ್ಟೋಬರಿನಲ್ಲಿ ಅದೇ ವಾದವನ್ನು ನಾನು ಮಾಡಿದಾಗ ತಾವು ಕೇಳಬೇಕಿತ್ತು. ಈಗ ಹೊಸಬರು ಬಂದು, ಥೂ, ಇದೆಂತ ಓದು ಎಂದು ಒಂದು ವಾರದಲ್ಲಿ ತಿದ್ದಿಯಾರು. ಓದು ಸರಿಯಾದೀತು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಏಪ್ರಿಲಿನಲ್ಲಿ ಶಾಲೆ ಮುಚ್ಚುವ ದಿನ ನಡೆದದ್ದು ತಮಗೆ ಗೊತ್ತಿಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ನಾನು ಹೋಗುತ್ತೇನೆಂಬ ಸುದ್ದಿ ಮಕ್ಕಳಿಗೆ ಹೇಗೋ ತಿಳಿದಿತ್ತು. ಎಲ್ಲರೂ ಮನೆಗೆ ಓಡಿದ ಮೇಲೆ ಅನ್ನಪೂರ್ಣ ಬಾಗಿಲಲ್ಲಿ ನಿಂತಿದ್ದಳು. ರಜೆಗೆ ಅವರ ಸಂಸಾರ ಊರಿಗೆ ಹೊರಟಿತ್ತು. ರಸ್ತೆಯಲ್ಲಿ ಗಂಟುಮೂಟೆ ಹೇರಿದ ಟೆಂಪೊ ಕಾಯುತ್ತಿತ್ತು, ಶರಣಬಸಪ್ಪ ಮಗಳನ್ನು ಕೂಗುತ್ತಿದ್ದ. ಅವಳು ನನ್ನ ಹತ್ತಿರ ಬಂದು ಕೇಳಿದಳು:

"ನಾ ಛಲೋ ಓದಿದ್ದಕ್ಕ ನಿಮ್ಮನ್ನ ಕಳಸಾಕತ್ತಾರೇನ್ರೀ ಟೀಚರ?"

ಅಲ್ಲ. ಅಷ್ಟೇ ಹೇಳಬೇಕಿತ್ತು. ಎರಡಕ್ಷರ, ಮೊದಲ ಚೆಂಡು ಏರುವಷ್ಟು ಉಸಿರು ಸಾಕಿತ್ತು. ಆದರೆ ಎದೆಯೊಳಗಿನಿಂದ ಅಳು ಉಕ್ಕಿ ಬಂದು ಇದ್ದಬದ್ದ ಗಾಳಿಯನ್ನೆಲ್ಲ ನುಂಗಿತು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಅವಳು ಗಾಬರಿಯಾಗಲಿಲ್ಲ. ಟೀಚರ್ ನಡುವೆ ನಿಂತರೆ ಕಾಯಬೇಕೆಂದು ನನ್ನ ಮಕ್ಕಳಿಗೆಲ್ಲ ಗೊತ್ತು. ಪಕ್ಕೆಯ ಮೇಲೆ ಕೈ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ, ಕಾದಳು. ಅಪ್ಪ ಮತ್ತೆ ಕೂಗಿದ. ಮತ್ತೂ ಸ್ವಲ್ಪ ಕಾದಳು. ಆಮೇಲೆ ಅವನೇ ಬಂದು, ಹೊತ್ತಾತು ನಡಿ ಎಂದು ರಟ್ಟೆ ಹಿಡಿದು ಕರೆದುಕೊಂಡು ಹೋದ. ನನಗೆ ಉಸಿರು ಬರುವ ಹೊತ್ತಿಗೆ ಟೆಂಪೊ ತಿರುವು ದಾಟಿತ್ತು.

ನನ್ನ ಬೇಡಿಕೆ ಇಷ್ಟೇ. ಜೂನ್‌ನಲ್ಲಿ ಈ ಮಕ್ಕಳು ಎರಡನೇ ತರಗತಿಗೆ ಬರುತ್ತಾರೆ. ಒಂದು ವರ್ಷ ನನ್ನನ್ನು ಅವರ ಜೊತೆ ಬಿಡಿ. ಅಷ್ಟೂ ಆಗದಿದ್ದರೆ ಶಾಲೆ ತೆರೆದ ಮೇಲೆ ಅನ್ನಪೂರ್ಣ ಊರಿನಿಂದ ಬರುವ ತನಕವಾದರೂ ಬಿಡಿ. ಆಮೇಲೆ ತಮ್ಮ ಟಪಾಲು ವಿಭಾಗಕ್ಕೆ ನಾನಾಗಿಯೇ ಬಂದು ಕೂರುತ್ತೇನೆ, ಅಲ್ಲಿ ಯಾರಿಗೂ ಏನನ್ನೂ ಓದಿ ಹೇಳಬೇಕಾಗಿಲ್ಲವಲ್ಲ. ಜೂನ್‌ನಲ್ಲಿ ಆ ಮಗು ತರಗತಿಯ ಬಾಗಿಲಿಗೆ ಬಂದಾಗ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರೆ, ಅವಳು ಕೇಳಿದ ಪ್ರಶ್ನೆಗೆ ಹೌದು ಎಂಬ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಚೆನ್ನಾಗಿ ಓದಿದರೆ ತನಗೆ ಬೇಕಾದವರನ್ನು ಕಳಿಸಿಬಿಡುತ್ತಾರೆ ಎಂದು ಕಲಿತ ಮಗುವನ್ನು ಆಮೇಲೆ ಯಾರು ತಿದ್ದುತ್ತಾರೆ, ತಾವೇ ಹೇಳಿ. ಅವಳು ಇನ್ನೂ ಕಾಯುತ್ತಿದ್ದಾಳೆ. ನಾನು "ಅಲ್ಲ" ಎನ್ನಬೇಕು.

ಇಂತಿ,
ಉಸಿರು ಬಂದ ಮೇಲೆ ಉತ್ತರ ಹೇಳಲು ಬಾಕಿ ಇರುವ,
ಒಂದನೇ ತರಗತಿಯ ಟೀಚರ್
ವನಜಾಕ್ಷಿ
ಕಡಿಯಾಳಿ, ಮೇ ೨೦೦೫